ಹಳೇ ಕಂಪ್ಯೂಟರಿನಲ್ಲಿ ದಿನದ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ, ಗದಗ-ಬೆಟಗೇರಿಯ ಪ್ರೆಸ್ಸುಗಳಲ್ಲಿ, ಹಾವೇರಿ ಕಡೆಯ ಝೆರಾಕ್ಸ್ ಅಂಗಡಿಗಳಲ್ಲಿ ಹತ್ತು-ಹದಿನೈದು ವರ್ಷದ ಕಂಪ್ಯೂಟರುಗಳು ಇನ್ನೂ ದುಡಿಯುತ್ತಿವೆ. ಅವುಗಳ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ ಇಟ್ಟು, ಇಲ್ಲಿ ಉತ್ತರಿಸಿದ್ದೇವೆ. ‘ಹಳೆಯದು’ ಅಂದರೆ ಇಲ್ಲಿ ಹೆಚ್ಚುಕಡಿಮೆ 2008ರಿಂದ 2016ರ ನಡುವಿನ ಯಂತ್ರ: ಕೋರ್ 2 ಡ್ಯುಯೋ, ಡ್ಯುಯಲ್ ಕೋರ್ ಅಥವಾ ಮೊದಲ ತಲೆಮಾರುಗಳ ಐ3, ಐ5 ಪ್ರೊಸೆಸರ್ (ಲೆಕ್ಕ ಮಾಡುವ ಮುಖ್ಯ ಚಿಪ್). ಒಳಗೆ 2ರಿಂದ 4 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ತಾತ್ಕಾಲಿಕ ಮೆಮೊರಿ), ತಿರುಗುವ ಹಾರ್ಡ್ ಡಿಸ್ಕ್.

## ಮೊದಲು ತಿಳಿಯಬೇಕಾದದ್ದು

ನಮ್ಮ ಕಂಪ್ಯೂಟರ್ ಹಚ್ಚಿದ್ರ ಹತ್ತ ನಿಮಿಷ ಹಿಡೀತೈತ್ರಿ. ವಯಸ್ಸಾತು ಅಂತ ತಿಳ್ಕೊಂಡು ಬಿಡೂದನು?

ಪ್ರೊಸೆಸರ್‌ಗೆ ವಯಸ್ಸಾಗಿ ವೇಗ ಕಡಿಮೆಯಾಗುವುದಿಲ್ಲ. 2010ರಲ್ಲಿ ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತಿತ್ತೋ ಇವತ್ತೂ ಅಷ್ಟೇ ಮಾಡುತ್ತದೆ. ಬದಲಾಗಿರುವುದು ಅದರ ಮೇಲೆ ಹೇರಿದ ಭಾರ, ಮತ್ತು ಸುತ್ತಲಿನ ಭಾಗಗಳ ಸ್ಥಿತಿ. ನಿಧಾನಕ್ಕೆ ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು: ಹಾರ್ಡ್ ಡಿಸ್ಕ್ ಸಾಲದು, ರ‍್ಯಾಮ್ ಸಾಲದು, ಇಲ್ಲವೇ ಒಳಗೆ ಬಿಸಿ ಏರಿದೆ.

ಯಾವುದು ಅಂತ ಕಂಡುಹಿಡಿಯಲು ಐದು ನಿಮಿಷ ಸಾಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ದಿನಾ ಮಾಡುವ ಕೆಲಸವನ್ನೇ ಮಾಡುತ್ತ ಅದರ ಮೇಲೆ ಕಣ್ಣಿಡಿ. ಡಿಸ್ಕ್ 100 ಪ್ರತಿಶತದಲ್ಲೇ ನಿಂತಿದ್ದು ಪ್ರೊಸೆಸರ್ 20ರ ಆಸುಪಾಸಿನಲ್ಲಿದ್ದರೆ ತಡೆ ಇರುವುದು ಡಿಸ್ಕಿನಲ್ಲಿ. ಮೆಮೊರಿ 90 ದಾಟಿ, ಜೊತೆಗೆ ಡಿಸ್ಕೂ ಓಡುತ್ತಿದ್ದರೆ ರ‍್ಯಾಮ್ ಸಾಲದೆ ವಿಂಡೋಸ್ ಡಿಸ್ಕನ್ನೇ ರ‍್ಯಾಮಿನಂತೆ ಬಳಸುತ್ತಿದೆ ಅಂತ ಅರ್ಥ. ಎರಡೂ ಕಡಿಮೆ ಇದ್ದು ಪ್ರೊಸೆಸರ್ 100 ಮುಟ್ಟಿದ್ದರೆ, ಯಾವ ಪ್ರೋಗ್ರಾಂ ಅದನ್ನು ತಿನ್ನುತ್ತಿದೆ ಅಂತ ಮೇಲಿನ ಸಾಲಿನಲ್ಲೇ ಕಾಣುತ್ತದೆ. ವಿಂಡೋಸ್ 7ರ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕಿನ ಲೆಕ್ಕ ಇರುವುದಿಲ್ಲ. ಅಲ್ಲಿ ‘ರಿಸೋರ್ಸ್ ಮಾನಿಟರ್’ ತೆರೆಯಬೇಕು.

ಇದನ್ನು ನೋಡದೆ ಯಾವ ಭಾಗಕ್ಕೂ ರೊಕ್ಕ ಹಾಕಬೇಡಿ.

ಎಷ್ಟು ಹಳೇದಾದ್ರ ಕೈಬಿಡಬೇಕು?

ಪೆಂಟಿಯಂ 4 ಇದ್ದರೆ ಬಿಡಿ. ಹಲವು ಪೆಂಟಿಯಂ 4 ಮಾದರಿಗಳಲ್ಲಿ ಪ್ರೊಸೆಸರ್ ಒಂದೇ 84 ವ್ಯಾಟಿನಿಂದ ಮೇಲಕ್ಕೆ ಶಾಖ ಉಗುಳುತ್ತದೆ, ಇವತ್ತಿನ ಒಂದು ವೆಬ್ ಪುಟ ತೆರೆಯಲೂ ಒದ್ದಾಡುತ್ತದೆ. 64 ಬಿಟ್ ತಂತ್ರಾಂಶ ಓಡದ ಯಂತ್ರಗಳ ದಾರಿಯೂ ಮುಚ್ಚುತ್ತ ಬಂದಿದೆ: ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ವ್ಯವಸ್ಥೆಯಾದ ಲಿನಕ್ಸ್‌ನ ಕ್ರೋಮ್ 2016ರಲ್ಲೇ 32 ಬಿಟ್ ಬಿಟ್ಟಿತು, ಲಿನಕ್ಸಿನದೇ ಒಂದು ಬಗೆಯಾದ ಡೆಬಿಯನ್ 13ರಲ್ಲಿ 32 ಬಿಟ್‌ನ ಇನ್‌ಸ್ಟಾಲರ್ ಇಲ್ಲ.

ಇನ್ನೊಂದು ಗುರುತು ಮದರ್‌ಬೋರ್ಡಿನ ಮೇಲಿದೆ. ಪ್ರೊಸೆಸರ್ ಸುತ್ತ ಸಣ್ಣ ಡಬ್ಬಿಯಂಥ ಕೆಪ್ಯಾಸಿಟರ್‌ಗಳಿರುತ್ತವೆ. ಅವುಗಳ ತಲೆ ಸಪಾಟಾಗಿರಬೇಕು. ಪೂರಿಯಂತೆ ಉಬ್ಬಿದ್ದರೆ, ಕಂದು ಬಣ್ಣದ ರಸ ಸೋರಿದ್ದರೆ ಆ ಬೋರ್ಡಿಗೆ ಹೊಸ ಭಾಗ ಹಾಕುವುದು ವ್ಯರ್ಥ. ಕೋರ್ 2 ಡ್ಯುಯೋ ಮತ್ತು ಅದರಿಂದೀಚೆಗಿನದಕ್ಕೆ, ಬೋರ್ಡ್ ಆರೋಗ್ಯವಾಗಿದ್ದರೆ, ಇನ್ನೂ ಕೆಲಸವಿದೆ.

ಫಾರ್ಮ್ಯಾಟ್ ಹೊಡಿಸಿದ್ರ ಎಲ್ಲಾ ಸರಿ ಆಕ್ಕೈತಿ ಅಂತಾರ. ಖರೇನ?

ಅರ್ಧ ಖರೆ. ವರ್ಷಗಟ್ಟಲೆ ತುಂಬಿದ ಬೇಡದ ಪ್ರೋಗ್ರಾಂಗಳು ಹೋಗುವುದರಿಂದ ಮೊದಲ ಕೆಲವು ವಾರ ಹಗುರ ಅನಿಸುತ್ತದೆ. ತಡೆ ಡಿಸ್ಕಿನಲ್ಲೋ ರ‍್ಯಾಮಿನಲ್ಲೋ ಇದ್ದರೆ ಅಪ್‌ಡೇಟ್‌ಗಳೆಲ್ಲ ಬಂದ ಮೇಲೆ ಮತ್ತೆ ಮೊದಲಿನ ಸ್ಥಿತಿಯೇ.

ಫಾರ್ಮ್ಯಾಟಿಗೆ ಕೊಡುವ ಮುಂಚೆ ಎರಡು ಕೆಲಸ ತಪ್ಪಬಾರದು. ಒಂದು, ಕಡತಗಳ ನಕಲು. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎರಡೂ ಸಿ ಡ್ರೈವಿನಲ್ಲೇ ಇರುತ್ತವೆ, ಹೀಗಾಗಿ ‘ಸಿ ಒಂದೇ ಫಾರ್ಮ್ಯಾಟ್’ ಅಂದರೂ ಅವು ಹೋಗುತ್ತವೆ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ಡೇಟಾ ಫೋಲ್ಡರ್, ಕನ್ನಡ ಟೈಪಿಂಗಿನ ನುಡಿ ಫಾಂಟ್‌ಗಳು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಜನ ಮರೆಯುವ ವಸ್ತುಗಳು. ಎರಡು, ಡಿಸ್ಕಿನ ಆರೋಗ್ಯ. ಸಾಯುತ್ತಿರುವ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿದರೆ ತಿಂಗಳೊಳಗೆ ಅದೇ ಗೋಳು. ನೋಡುವ ಬಗೆ ಕೊನೆಯ ಭಾಗದಲ್ಲಿದೆ.

## ಖರ್ಚಿಲ್ಲದೆ ಆಗುವ ಕೆಲಸ

ಸ್ಟಾರ್ಟ್‌ಅಪ್‌ನ್ಯಾಗ ಏನೇನ್ ತೆಗೀಬೇಕು? ತಪ್ಪಿ ಬ್ಯಾರೇದ್ ತೆಗೆದು ಕೆಟ್ಟ್ರ?

ವಿಂಡೋಸ್ 10ರಲ್ಲಿ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿ, ವಿಂಡೋಸ್ 7ರಲ್ಲಿ ಎಂಎಸ್‌ಕಾನ್ಫಿಗ್. ಅಲ್ಲಿ ನಿಲ್ಲಿಸಿದರೆ ಪ್ರೋಗ್ರಾಂ ಅಳಿಯುವುದಿಲ್ಲ, ತಾನಾಗಿ ಏಳುವುದಿಲ್ಲ ಅಷ್ಟೇ. ಬೇಕೆನಿಸಿದರೆ ಮತ್ತೆ ಚಾಲೂ ಮಾಡಬಹುದು. ಚಾಟ್ ಮತ್ತು ಮೀಟಿಂಗ್ ಆ್ಯಪ್‌ಗಳು, ಟೊರೆಂಟ್, ಪ್ರಿಂಟರಿನ ‘ಸಹಾಯಕ’ ಪ್ರೋಗ್ರಾಂಗಳು, ಬೇರೆ ಬೇರೆ ಅಪ್‌ಡೇಟರ್‌ಗಳನ್ನು ಧೈರ್ಯವಾಗಿ ನಿಲ್ಲಿಸಿ. ಸೌಂಡ್, ಟಚ್‌ಪ್ಯಾಡ್, ಆ್ಯಂಟಿವೈರಸ್ ಮತ್ತು ಕನ್ನಡ ಟೈಪಿಂಗಿನ ತಂತ್ರಾಂಶ ಬಿಡಿ.

ಜೊತೆಗೆ ಸಿ ಡ್ರೈವಿನ ಶೇ 15ರಷ್ಟಾದರೂ ಖಾಲಿ ಇರಲಿ. ‘ಡಿಸ್ಕ್ ಕ್ಲೀನ್‌ಅಪ್’ನಲ್ಲಿ ಸಿಸ್ಟಂ ಕಡತಗಳ ಗುಂಡಿ ಒತ್ತಿದರೆ ಹಳೇ ವಿಂಡೋಸಿನ ಉಳಿಕೆಗಳೂ ಸಿಗುತ್ತವೆ, ಕೆಲವು ಸಲ 10-20 ಜಿಬಿ ಒಮ್ಮೆಗೇ ಬಿಡುಗಡೆಯಾಗುತ್ತದೆ. ಹಳೇ ವಿಂಡೋಸಿಗೆ ಮರಳುವ ಆಸೆ ಇದ್ದರೆ ಮಾತ್ರ ಅದನ್ನು ಮುಟ್ಟಬೇಡಿ.

ಎರಡ ಆ್ಯಂಟಿವೈರಸ್ ಹಾಕಿದ್ರ ಡಬಲ್ ಸೇಫ್ ಅಲ್ಲೇನ್ರಿ?

ಅಲ್ಲ. ನೀವು ಒಂದು ಕಡತ ತೆರೆದರೆ ಇಬ್ಬರೂ ಕಾವಲುಗಾರರು ಅದನ್ನು ತಡೆದು ತಪಾಸಣೆ ಮಾಡುತ್ತಾರೆ, ಒಬ್ಬ ಮುಟ್ಟಿದ್ದನ್ನು ಇನ್ನೊಬ್ಬ ಮತ್ತೆ ನೋಡುತ್ತಾನೆ. ತಿರುಗುವ ಡಿಸ್ಕಿನ ಮೇಲೆ ಇದು ಕಲ್ಲು ಹೊರಿಸಿದಂತೆ. ವಿಂಡೋಸ್ 10ರಲ್ಲಿ ಅದರೊಳಗೇ ಇರುವ ಡಿಫೆಂಡರ್ ಸಾಕು. ‘ಸ್ಪೀಡ್ ಬೂಸ್ಟರ್’, ‘ರಿಜಿಸ್ಟ್ರಿ ಕ್ಲೀನರ್’ ಅಂತ ಬರುವವನ್ನು ಹಾಕಲೇಬೇಡಿ. ಅವೂ ಹಿನ್ನೆಲೆಯಲ್ಲಿ ಓಡುವ ಇನ್ನೊಂದು ಭಾರ.

ಬ್ಯಾಸಗ್ಯಾಗ ಮಧ್ಯಾಹ್ನ ಭಾಳ ನಿಧಾನ, ರಾತ್ರಿ ಚಲೋ ಓಡತೈತಿ. ಇದ್ಯಾಕ ಹಿಂಗ?

ಬಿಸಿ. ಪ್ರೊಸೆಸರ್ ತನ್ನ ಮಿತಿ ಮುಟ್ಟಿದಾಗ, ಬಹಳಷ್ಟು ಐ3, ಐ5ಗಳಲ್ಲಿ ಅದು 100 ಡಿಗ್ರಿಯ ಸಮೀಪ, ಸುಟ್ಟುಹೋಗದಂತೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕೋಣೆಯೇ 38-40 ಡಿಗ್ರಿ ಇರುವ ಏಪ್ರಿಲ್ ಮಧ್ಯಾಹ್ನ, ಫ್ಯಾನಿನ ರೆಕ್ಕೆಗಳ ನಡುವೆ ಧೂಳು ಕಟ್ಟಿದ್ದರೆ, ಆ ಮಿತಿ ಬೇಗ ಬರುತ್ತದೆ. ನಮ್ಮ ಕಡೆ ಧೂಳೂ ಒಂದೇ ಬಗೆಯದಲ್ಲ. ಎರಿಮಣ್ಣಿನ ಸಣ್ಣ ಪುಡಿ ಎಲ್ಲೆಡೆ ಇದೆ. ಹತ್ತಿ ಜಿನ್ನಿಂಗ್ ಹತ್ತಿರದ ಅಂಗಡಿಗಳಲ್ಲಿ ಅರಳೆಯ ಎಳೆ ಪ್ರೊಸೆಸರಿನ ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕಿನ ಮೇಲೆ ಕಂಬಳಿಯಂತೆ ಕೂಡುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮಿನ ಧೂಳು, ಆ ಸಿಪಿಯು ಬಿಚ್ಚುವವರು ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಸ್ವಚ್ಛ ಮಾಡುವ ಕ್ರಮ: ವಾಯರ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ ಇಳಿಸಿ. ಸಿಪಿಯುವನ್ನು ಅಂಗಳಕ್ಕೆ ತನ್ನಿ. ಒಣ ಪೇಂಟ್ ಬ್ರಷ್‌ನಿಂದ ಧೂಳು ಸಡಿಲಿಸಿ, ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅದು ತನ್ನ ಮಿತಿಗಿಂತ ಜೋರಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ) ಡಬ್ಬಿಯನ್ನು ಹೊರಗಿನಿಂದ ಊದಿ, ತೆರೆಯಬೇಡಿ: ವಾಯರ್ ಕಿತ್ತ ಮೇಲೂ ಅದರ ಕೆಪ್ಯಾಸಿಟರ್‌ಗಳಲ್ಲಿ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಒದ್ದೆ ಬಟ್ಟೆ ಬೇಡ.

ಹತ್ತು ವರ್ಷದ ಯಂತ್ರವಾದರೆ ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಂತೆ ಆಗಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ನಟ್ಟನಡುವೆ ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಹೀಟ್‌ಸಿಂಕ್ ಕೂರಿಸಿ. ಹೆಚ್ಚು ಮೆತ್ತಿದರೆ ಹೆಚ್ಚು ತಂಪಾಗುವುದಿಲ್ಲ, ದಪ್ಪ ಪದರ ಶಾಖವನ್ನು ತಡೆಯುತ್ತದೆ. ನಾಲ್ಕೂ ಮೂಲೆಯ ಪಿನ್ನುಗಳು ಕಟ್ ಎಂದು ಕೂತವೋ ನೋಡಿ. ಒಂದು ಸಡಿಲಿದ್ದರೂ ಪ್ರಯತ್ನವೆಲ್ಲ ನೀರುಪಾಲು.

ದಿನಾ ತಾರೀಖ 2009ಕ್ಕ ಹೋಗಿ ನಿಲ್ಲತೈತಿ, ಯಾವ ವೆಬ್‌ಸೈಟೂ ತೆರೆಯೂದಿಲ್ಲ.

ಎರಡೂ ಒಂದೇ ರೋಗ. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್ 2032, 3 ವೋಲ್ಟ್, ಮುಗಿದಿದೆ. ತಾರೀಖು ತಪ್ಪಾದರೆ ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರ ‘ಇನ್ನೂ ಹುಟ್ಟಿಲ್ಲ’ ಅನ್ನುವಂತೆ ಕಾಣುತ್ತದೆ, ಬ್ರೌಸರ್ ತಡೆಯುತ್ತದೆ. ಬರಹ ಇರುವ ಬದಿ ಮೇಲೆ ಬರುವಂತೆ ಹೊಸದು ಹಾಕಿ, ತಾರೀಖು ಸರಿಪಡಿಸಿ. ಕಂಪ್ಯೂಟರ್ ಏಳುವಾಗ ಮೊದಲು ಓಡುವ ಬಯೋಸ್‌ನ ಉಳಿದ ಹೊಂದಿಕೆಗಳೂ ಮೊದಲಿನ ಸ್ಥಿತಿಗೆ ಹೋಗಿರುತ್ತವೆ, ಒಮ್ಮೆ ನೋಡಿಕೊಳ್ಳಿ.

## ಭಾಗ ಹಾಕಿಸುವಾಗ

ರೊಕ್ಕ ಒಂದಕ್ಕ ಐತ್ರಿ. ರ‍್ಯಾಮ್ ಹಾಕಸ್ಲೊ, ಎಸ್‌ಎಸ್‌ಡಿ ಹಾಕಸ್ಲೊ?

4 ಜಿಬಿ ರ‍್ಯಾಮ್ ಈಗಾಗಲೇ ಇದ್ದರೆ ಎಸ್‌ಎಸ್‌ಡಿ. ಎರಡೇ ಜಿಬಿ ಇದ್ದರೆ ಮೊದಲು ರ‍್ಯಾಮನ್ನು 4ಕ್ಕೆ ತನ್ನಿ, ಆಮೇಲೆ ಎಸ್‌ಎಸ್‌ಡಿ.

ಕಾರಣ ಹೀಗೆ. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಕಡತಗಳನ್ನು ಡಿಸ್ಕಿನ ಬೇರೆ ಬೇರೆ ಮೂಲೆಗಳಿಂದ ಓದುತ್ತದೆ. ತಿರುಗುವ ಡಿಸ್ಕಿನಲ್ಲಿ ಪ್ರತಿ ಸಲ ಮುಳ್ಳು ಆ ಜಾಗಕ್ಕೆ ಹೋಗಿ, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. 10ರಿಂದ 15 ಮಿಲಿಸೆಕೆಂಡ್ ಬೇಕು, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ ನೂರು ಓದು. ಎಸ್‌ಎಸ್‌ಡಿ ಅಂದರೆ ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್, ಅದರಲ್ಲಿ ತಿರುಗುವ ವಸ್ತುವೇ ಇಲ್ಲ, ಅದೇ ಓದು 0.1 ಮಿಲಿಸೆಕೆಂಡಿನಷ್ಟರಲ್ಲಿ ಮುಗಿಯುತ್ತದೆ. ಬೋರ್ಡ್ ಹಳೆಯದಾಗಿ ಡಿಸ್ಕ್ ಜೋಡಿಸುವ ಕಿಂಡಿ ಹಳೇ ಸಾಟಾ 2 ಇದ್ದರೂ, ಸೆಕೆಂಡಿಗೆ 300 ಎಂಬಿಯ ಮಿತಿ ಇದ್ದರೂ, ಈ ಲಾಭ ಹಾಗೇ ಸಿಗುತ್ತದೆ. ಹೀಗಾಗಿ ‘ಹಳೇ ಬೋರ್ಡಿಗೆ ಎಸ್‌ಎಸ್‌ಡಿ ದಂಡ’ ಅನ್ನುವ ಮಾತು ತಪ್ಪು. ದಿನದ ಕೆಲಸಕ್ಕೆ 240 ಅಥವಾ 256 ಜಿಬಿ ಸಾಕು. ಹಳೇ ಹಾರ್ಡ್ ಡಿಸ್ಕನ್ನು ಫೋಟೊ, ಹಾಡಿಗೆ ಒಳಗೇ ಉಳಿಸಿಕೊಳ್ಳಿ.

ಲ್ಯಾಪ್‌ಟಾಪಿನಲ್ಲಿ ಎರಡನೇ ಡಿಸ್ಕಿಗೆ ಜಾಗ ಇಲ್ಲದಿದ್ದರೆ ಡಿವಿಡಿ ಡ್ರೈವ್ ತೆಗೆದು ಅಲ್ಲಿ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿಸಬಹುದು. ಕ್ಯಾಡಿ 9.5 ಮತ್ತು 12.7 ಮಿಲಿಮೀಟರ್ ಎರಡು ದಪ್ಪದಲ್ಲಿ ಬರುತ್ತದೆ, ಡ್ರೈವ್ ಬಿಚ್ಚಿ ಅಳೆದ ಮೇಲೆ ಕೊಳ್ಳಿ. ಎಸ್‌ಎಸ್‌ಡಿ ಒಳಗಿನ ಮುಖ್ಯ ಜಾಗಕ್ಕೆ, ಹಳೇ ಡಿಸ್ಕ್ ಕ್ಯಾಡಿಗೆ.

ಯಾವ ರ‍್ಯಾಮ್ ಕೂಡತೈತಿ ಅಂತ ತಿಳಿಯೂದು ಹೆಂಗ? ಅಂಗಡ್ಯಾಗ ಕೊಟ್ಟದ್ದು ಹಾಕಿದ್ರ ಪೀಂ ಪೀಂ ಅಂತೈತಿ.

ಡಿಡಿಆರ್2, ಡಿಡಿಆರ್3, ಡಿಡಿಆರ್4 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ನಡುವಿನ ಕಚ್ಚು ಬೇರೆ ಬೇರೆ ಕಡೆ ಇದೆ. ಹಳೇ ರ‍್ಯಾಮ್ ಕೋಲನ್ನೇ ಅಂಗಡಿಗೆ ಒಯ್ಯುವುದು ಎಲ್ಲಕ್ಕಿಂತ ಸುಲಭ.

ನಮ್ಮ ಕಡೆ ಹೆಚ್ಚು ಸಿಗುವ ಬೋರ್ಡುಗಳಲ್ಲಿ, ಬೋರ್ಡಿನ ಮುಖ್ಯ ಚಿಪ್ ಅಂದರೆ ಚಿಪ್‌ಸೆಟ್ ನೋಡಿ ಹೇಳುವುದಾದರೆ, ಜಿ31 ಚಿಪ್‌ಸೆಟ್ಟಿನದು 4 ಜಿಬಿಗೆ ನಿಲ್ಲುತ್ತದೆ. ಜಿ41 ಎಂಟರವರೆಗೆ ಹೋಗುತ್ತದೆ, ಆದರೆ ಅದಕ್ಕೊಂದು ಹಟ: 4 ಜಿಬಿಯ ಡಿಡಿಆರ್3 ಕೋಲಿನ ಎರಡೂ ಬದಿ ಸೇರಿ 16 ಚಿಪ್ ಇರಬೇಕು. ಒಂದೇ ಬದಿ 8 ಚಿಪ್ ಇರುವ ಹೊಸ ಕೋಲು ಹಾಕಿದರೆ ಅದು ಏಳುವುದೇ ಇಲ್ಲ. ಪೀಂ ಪೀಂ ಅನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಎಚ್61ಗೆ 16 ಜಿಬಿ ತನಕ ನಡೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ಡಿಡಿಆರ್3 ಮತ್ತು ಡಿಡಿಆರ್3ಎಲ್ ಬೇರೆ: ಮೊದಲನೆಯದು 1.5 ವೋಲ್ಟ್, ಎರಡನೆಯದು 1.35. ಎಲ್ ಇರುವುದು ಸಾಮಾನ್ಯವಾಗಿ ಎರಡೂ ಕಡೆ ನಡೆಯುತ್ತದೆ. ಎಲ್ ಬೇಡುವ ಯಂತ್ರಕ್ಕೆ ಬರೀ ಡಿಡಿಆರ್3 ಹಾಕಬೇಡಿ.

ಹಳೇ ರ‍್ಯಾಮೇ ಪೀಂ ಅನ್ನುತ್ತಿದ್ದರೆ ತೆಗೆದು, ಬಂಗಾರ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಮಳೆಗಾಲ ಕಳೆದ ಮೇಲೆ ಬರುವ ತಕರಾರಿಗೆ ಬಹಳ ಸಲ ಇಷ್ಟೇ ಔಷಧ.

ಇನ್ನೊಂದು: 32 ಬಿಟ್ ವಿಂಡೋಸ್ ಇದ್ದರೆ 4 ಜಿಬಿ ಹಾಕಿದರೂ 3ರಿಂದ 3.5 ಮಾತ್ರ ಬಳಕೆಗೆ ಸಿಗುತ್ತದೆ. ಅದಕ್ಕಿಂತ ಹೆಚ್ಚು ಹಾಕಿದ್ದು ವ್ಯರ್ಥ.

ಎಸ್‌ಎಸ್‌ಡಿ ಹಾಕಸೇನಿ, ಆದ್ರೂ ಮೊದಲಿನಂಗ ಐತಿ. ಮೋಸ ಆತೇನು?

ಮೊದಲು ನೋಡಬೇಕಾದದ್ದು ವಿಂಡೋಸ್ ಯಾವ ಡಿಸ್ಕಿನಿಂದ ಏಳುತ್ತಿದೆ ಅನ್ನುವುದು. ಎಸ್‌ಎಸ್‌ಡಿ ಕೂರಿಸಿ ‘ಇ ಡ್ರೈವ್’ ಅಂತ ಬಿಟ್ಟು, ವಿಂಡೋಸ್ ಹಳೆಯದರಲ್ಲೇ ಉಳಿದಿರುವುದು ಸಾಮಾನ್ಯ. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದರೆ ಸಿ ಎಲ್ಲಿದೆ ಕಾಣುತ್ತದೆ. ಎರಡನೆಯದು ಬಯೋಸ್‌ನಲ್ಲಿ ಸಾಟಾ ಮೋಡ್ ‘ಐಡಿಇ’ ಅಂತ ಇರುವುದು. ಅದು ‘ಎಎಚ್‌ಸಿಐ’ ಆಗಬೇಕು, ಆದರೆ ವಿಂಡೋಸ್ ಹಾಕುವ ಮುಂಚೆಯೇ. ಹಾಕಿದ ಮೇಲೆ ಏಕಾಏಕಿ ಬದಲಿಸಿದರೆ ನೀಲಿ ಪರದೆ ಬರುತ್ತದೆ. ಮೂರನೆಯದು ಸಾಟಾ ಕೇಬಲ್. ಬೂದಿ ಬಣ್ಣಕ್ಕೆ ತಿರುಗಿ ಗಡುಸಾದ ಕೇಬಲ್ ಬದಲಿಸಿ.

ಎಸ್‌ಎಸ್‌ಡಿಗೆ ಡಿಫ್ರ್ಯಾಗ್ (ಚದುರಿದ ಕಡತದ ತುಣುಕು ಒಟ್ಟುಗೂಡಿಸುವ ಕೆಲಸ) ಮಾಡಬೇಡಿ. ಅದು ತಿರುಗುವ ಡಿಸ್ಕಿನ ವೈದ್ಯ, ಇಲ್ಲಿ ಬರೀ ಸವೆತ.

## ದಿನದ ಕೆಲಸ

ಕ್ರೋಮ್ ತೆರೆದ್ರ ಸಾಕು, ಎಲ್ಲಾ ನಿಂತ ಬಿಡತೈತಿ.

ಇವತ್ತಿನ ಬ್ರೌಸರಿನಲ್ಲಿ ಒಂದೊಂದು ಟ್ಯಾಬೂ ಒಂದು ಸಣ್ಣ ಪ್ರೋಗ್ರಾಂ ಇದ್ದಂತೆ. ಸಾಧಾರಣ ಪುಟಕ್ಕೂ 100ರಿಂದ 300 ಎಂಬಿ ರ‍್ಯಾಮ್ ಹಿಡಿಯುತ್ತದೆ. 4 ಜಿಬಿಯಲ್ಲಿ ವಿಂಡೋಸಿಗೆ ಎರಡು ಹೋದರೆ ಉಳಿದದ್ದರಲ್ಲಿ ನಾಲ್ಕೈದು ಟ್ಯಾಬ್ ಲೆಕ್ಕ. ಬಳಸದ ಟ್ಯಾಬ್ ಮಲಗಿಸುವ ‘ಮೆಮೊರಿ ಸೇವರ್’ ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿದೆ, ಚಾಲೂ ಮಾಡಿ. ಬ್ರೌಸರ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುವ ಆಯ್ಕೆ ನಿಲ್ಲಿಸಿ.

ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕುವುದು ಇಲ್ಲಿ ರುಚಿಯ ಮಾತಲ್ಲ, ವೇಗದ ಮಾತು. ಸುದ್ದಿ ಪುಟಗಳಲ್ಲಿ ಸುದ್ದಿಗಿಂತ ಜಾಹೀರಾತಿನ ಸಂಕೇತವೇ ಭಾರ. ಫೈರ್‌ಫಾಕ್ಸಿನಲ್ಲಿ ಅದರ ಪೂರ್ಣ ರೂಪ ಸಿಗುತ್ತದೆ, ಕ್ರೋಮಿನಲ್ಲಿ ಈಗ ‘ಲೈಟ್’ ರೂಪ ಮಾತ್ರ.

ಯೂಟ್ಯೂಬ್ ತಡದು ತಡದು ಬರತೈತಿ. ನೆಟ್ ಅಂತೂ ಚಲೋ ಐತಿ.

ಹಾಗಿದ್ದರೆ ವಿಡಿಯೊ ಬಿಚ್ಚುವ ಕೆಲಸ ಪ್ರೊಸೆಸರ್ ಮೇಲೆ ಬಿದ್ದಿದೆ. ಯೂಟ್ಯೂಬ್ ಸಾಮಾನ್ಯವಾಗಿ ಕಳಿಸುವುದು ವಿಪಿ9 ಅಥವಾ ಎವಿ1 ಬಗೆಯ ವಿಡಿಯೊ. ಹಳೇ ಗ್ರಾಫಿಕ್ಸ್‌ಗೆ ತಾನೇ ಬಿಚ್ಚಲು ಬರುವುದು ಹೆಚ್ಚೆಂದರೆ ಎಚ್.264. ‘ಎಚ್264ಐಫೈ’ ಎಂಬ ಎಕ್ಸ್‌ಟೆನ್ಷನ್ ಹಾಕಿದರೆ ಯೂಟ್ಯೂಬ್ ಎಚ್.264 ಅನ್ನೇ ಕಳಿಸುತ್ತದೆ, ಭಾರ ಗ್ರಾಫಿಕ್ಸ್‌ಗೆ ಹೋಗುತ್ತದೆ. ಕೋರ್ 2 ಡ್ಯುಯೋದಲ್ಲಿ ಆದರೂ 480ಪಿಗೆ ಇಟ್ಟುಕೊಳ್ಳಿ. ಪಾಠ ಕೇಳಲು, ಹಾಡು ನೋಡಲು ಅಷ್ಟು ಸಾಕು.

ಆನ್‌ಲೈನ್ ಕ್ಲಾಸು ಇನ್ನೂ ಕಠಿಣ. ಅಲ್ಲಿ ಬರುವ ವಿಡಿಯೊ ಬಿಚ್ಚುವುದರ ಜೊತೆಗೆ ನಿಮ್ಮ ಕ್ಯಾಮೆರಾ ಚಿತ್ರವನ್ನು ಕಟ್ಟಿ ಕಳಿಸಬೇಕು. ಮಕ್ಕಳ ಮುಖ ಮತ್ತು ದನಿಗೆ ಮೊಬೈಲ್, ನೋಟ್ಸ್ ಮತ್ತು ಓದಿಗೆ ಕಂಪ್ಯೂಟರ್ ಅಂತ ಹಂಚಿದರೆ ಇಬ್ಬರಿಗೂ ತ್ರಾಸಿಲ್ಲ.

ಸೇವಾಸಿಂಧುಕ್ಕ ಅರ್ಜಿ ಹಾಕುವಾಗ ಸ್ಕ್ಯಾನ್ ಮಾಡಿದ ಕಾಗದ ಅಪ್‌ಲೋಡೇ ಆಗೂದಿಲ್ಲ.

ಕಡತ ವಿಪರೀತ ದೊಡ್ಡದಾಗಿದೆ. ಎ4 ಹಾಳೆಯನ್ನು 300 ಡಿಪಿಐ (ಇಂಚಿಗೆ ಚುಕ್ಕೆಗಳ ಲೆಕ್ಕ), ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಕುಗ್ಗಿಸುವ ಮುಂಚೆ 26 ಎಂಬಿ. 150 ಡಿಪಿಐ, ಗ್ರೇ ಆದರೆ ಸುಮಾರು 2 ಎಂಬಿ, ಜೆಪಿಜಿ ಮಾಡಿದ ಮೇಲೆ ಇನ್ನೂ ಕಡಿಮೆ. ಪಹಣಿ, ಆದಾಯ ಪ್ರಮಾಣಪತ್ರ, ಅಂಕಪಟ್ಟಿ ಓದಲು 150 ಸಾಕು, ಸಣ್ಣ ಅಕ್ಷರವಿದ್ದರೆ 200. ಮೊದಲೇ ಕಡಿಮೆ ಇಟ್ಟು ಸ್ಕ್ಯಾನ್ ಮಾಡಿದರೆ ಹಳೇ ಯಂತ್ರಕ್ಕೂ ಹಗುರ. ಆಮೇಲೆ ಅಪರಿಚಿತ ವೆಬ್‌ಸೈಟಿಗೆ ನಿಮ್ಮ ಆಧಾರ್ ಹಾಕಿ ‘ಕಂಪ್ರೆಸ್’ ಮಾಡುವ ಅಪಾಯವೂ ತಪ್ಪುತ್ತದೆ.

ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿದ್ರೂ ಲ್ಯಾಪ್‌ಟಾಪ್‌ನ್ಯಾಗ ಹೆಸರ ಕಾಣೂದಿಲ್ಲ.

ಹಳೇ ವೈಫೈ ಕಾರ್ಡಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಹೊಸ ಫೋನು 5ರಲ್ಲಿ ಬಿತ್ತರಿಸುತ್ತಿರುತ್ತದೆ. ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಂಡ್ 2.4 ಮಾಡಿ, ಭದ್ರತೆ ಡಬ್ಲ್ಯುಪಿಎ2 ಇಡಿ. ವೈಫೈಯೇ ಇಲ್ಲದ ಡೆಸ್ಕ್‌ಟಾಪಿಗೆ ಚಾರ್ಜಿಂಗ್ ಕೇಬಲ್ ಸಿಕ್ಕಿಸಿ ‘ಯುಎಸ್‌ಬಿ ಟೆದರಿಂಗ್’ ಒತ್ತಿದರೆ ಆಯಿತು. ಅದು ವೈಫೈಗಿಂತ ಸ್ಥಿರ.

ಝೆರಾಕ್ಸ್ ಅಂಗಡಿಗೆ ಒಯ್ದ ಪೆನ್‌ಡ್ರೈವ್‌ನ್ಯಾಗ ಎಲ್ಲಾ ಶಾರ್ಟ್‌ಕಟ್ ಆಗ್ಯಾವು. ಫೈಲ್ ಹೋದ್ವೇನು?

ಹೋಗಿಲ್ಲ, ಬಚ್ಚಿಡಲಾಗಿದೆ. ಆ ಶಾರ್ಟ್‌ಕಟ್‌ಗಳ ಮೇಲೆ ಕ್ಲಿಕ್ ಮಾಡಬೇಡಿ, ಮಾಡಿದರೆ ವೈರಸ್ ನಿಮ್ಮ ಯಂತ್ರಕ್ಕೂ ಇಳಿಯುತ್ತದೆ. ಫೋಲ್ಡರ್ ಆಯ್ಕೆಗಳಲ್ಲಿ ಬಚ್ಚಿಟ್ಟ ಕಡತ ತೋರಿಸು ಅನ್ನುವುದನ್ನು ಒತ್ತಿ, ‘ಸಂರಕ್ಷಿತ ಸಿಸ್ಟಂ ಕಡತ ಬಚ್ಚಿಡು’ ಅನ್ನುವುದರ ಗುರುತು ತೆಗೆಯಿರಿ. ಮಸುಕು ಬಣ್ಣದಲ್ಲಿ ನಿಮ್ಮ ಕಡತಗಳು ಕಾಣುತ್ತವೆ. ಕೆಲವು ಸಲ ಹೆಸರೇ ಇಲ್ಲದ ಫೋಲ್ಡರಿನೊಳಗೆ ಇರುತ್ತವೆ. ಅವನ್ನು ಮಾತ್ರ ನಕಲು ಮಾಡಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

ಕರೆಂಟ್ ಹೋಗಿ ಹೋಗಿ ಬರತೈತಿ. ಯುಪಿಎಸ್ ಇಲ್ಲದ ನಡೀತೈತೇನು?

ನಡೆಸಬೇಡಿ. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಹಾರ್ಡ್ ಡಿಸ್ಕಿನ ಕಡತ ವ್ಯವಸ್ಥೆ ಹಾಳಾಗುತ್ತದೆ, ಟ್ಯಾಲಿಯ ಡೇಟಾ ಕೆಡುತ್ತದೆ. 600 ವಿಎ ಯುಪಿಎಸ್ ಸಾಧಾರಣ ಡೆಸ್ಕ್‌ಟಾಪಿಗೆ ಹತ್ತು-ಹದಿನೈದು ನಿಮಿಷ ಕೊಡುತ್ತದೆ. ಅದು ಕೆಲಸ ಮುಂದುವರಿಸಲು ಅಲ್ಲ, ಉಳಿಸಿ ಬಂದ್ ಮಾಡಲು. ಒಳಗಿನ 12 ವೋಲ್ಟ್, 7 ಎಎಚ್ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಮುಗಿಯುತ್ತದೆ, ಅದನ್ನಷ್ಟೇ ಬದಲಿಸಬಹುದು. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ. ಅದು ಬಿಸಿಯಾಗುವಾಗ ಎಳೆಯುವ ವಿದ್ಯುತ್ತಿಗೆ ಯುಪಿಎಸ್ ತಡೆಯುವುದಿಲ್ಲ. ಲಿಬ್ರೆಆಫೀಸಿನಲ್ಲಿ ತಾನಾಗಿ ಉಳಿಸುವ ಅವಧಿಯನ್ನು 10 ನಿಮಿಷದಿಂದ 3ಕ್ಕೆ ಇಳಿಸಿ.

## ವಿಂಡೋಸೋ, ಲಿನಕ್ಸೋ

ವಿಂಡೋಸ್ 7 ಹಗುರ ಐತಿ, ಅದನ್ನ ಇಟ್ಕೊಂಡ್ರ ಏನಾಗತೈತಿ?

ವಿಂಡೋಸ್ 7ಕ್ಕೆ ಸುರಕ್ಷತಾ ಅಪ್‌ಡೇಟ್ ನಿಂತದ್ದು 2020ರ ಜನವರಿ 14ಕ್ಕೆ. ಕ್ರೋಮ್ ಅದರ ಮೇಲೆ 109ನೇ ಆವೃತ್ತಿಗೆ ನಿಂತಿದೆ, ಹೀಗಾಗಿ ಹೊಸ ಸೈಟುಗಳು ಒಂದೊಂದಾಗಿ ತೆರೆಯುವುದು ಬಿಡುತ್ತವೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರಿಗೆ ಹೆಸರು ನೋಂದಾಯಿಸಿದರೆ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ.

ನಮ್ಮ ನಿಲುವು ಸ್ಪಷ್ಟ: ಇಂಟರ್ನೆಟ್ ಇಲ್ಲದ ಪ್ರೆಸ್ಸಿನ ಡಿಟಿಪಿ ಯಂತ್ರದಲ್ಲಿ ವಿಂಡೋಸ್ ಎಕ್ಸ್‌ಪಿಯೇ ಇರಲಿ, ಚಿಂತೆಯಿಲ್ಲ. ಬ್ಯಾಂಕು, ಆಧಾರ್, ಮೇಲ್ ತೆರೆಯುವ ಯಂತ್ರದಲ್ಲಿ ವಿಂಡೋಸ್ 7 ಬೇಡ.

ಲಿನಕ್ಸ್ ಹಾಕೋಣ ಅಂದ್ರ ಅಂಜಿಕಿ ಬರತೈತಿ. ಹಾಕದ ನೋಡಾಕ ಬರತೈತೇನು?

ಬರುತ್ತದೆ, ಹಾಗೇ ನೋಡಬೇಕು. 8 ಜಿಬಿಯ ಪೆನ್‌ಡ್ರೈವ್ ತೆಗೆದುಕೊಳ್ಳಿ (ಅದರಲ್ಲಿದ್ದದ್ದು ಅಳಿಯುತ್ತದೆ). ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿ, ರೂಫಸ್ ಎಂಬ ಪ್ರೋಗ್ರಾಂ ಬಳಸಿ ಪೆನ್‌ಡ್ರೈವಿಗೆ ಬರೆಯಿರಿ. ಕಂಪ್ಯೂಟರ್ ಹಚ್ಚುತ್ತಲೇ ಬೂಟ್ ಪಟ್ಟಿಯ ಗುಂಡಿ ಒತ್ತಿ: ಡೆಲ್, ಲೆನೊವೊ, ಗಿಗಾಬೈಟ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಬೋರ್ಡಿನಲ್ಲಿ ಎಫ್8. ಪೆನ್‌ಡ್ರೈವ್ ಆರಿಸಿದರೆ ಡಿಸ್ಕ್ ಮುಟ್ಟದೆ ಲಿನಕ್ಸ್ ಏಳುತ್ತದೆ. ವೈಫೈ, ಸದ್ದು, ಪ್ರಿಂಟರ್, ಪರದೆಯ ಬೆಳಕು ನಾಲ್ಕನ್ನೂ ಪರೀಕ್ಷಿಸಿ. ಪೆನ್‌ಡ್ರೈವಿನಿಂದ ಓಡುವಾಗ ನಿಧಾನ ಇರುವುದು ಸಹಜ, ಅದರಿಂದ ವೇಗ ಅಳೆಯಬೇಡಿ.

ಮಿಂಟ್ 22ಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಬೇಕು. ಹಾಯಾಗಿ ನಡೆಯಲು 4 ಜಿಬಿ. ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಎರಡೇ ಜಿಬಿ ಇದ್ದರೆ ಎಂಎಕ್ಸ್ ಲಿನಕ್ಸ್, ಇನ್ನೂ ಬಡ ಯಂತ್ರಕ್ಕೆ ಆ್ಯಂಟಿಎಕ್ಸ್.

ನನ್ನ ಕೆಲಸ ಎಲ್ಲಾ ನುಡಿಯೊಳಗ ಐತಿ. ಲಿನಕ್ಸ್‌ನ್ಯಾಗ ಕನ್ನಡ ಹೊಡಿಯಾಕ ಬರತೈತೇನು?

ಬೆರಳಿಗೆ ಹೊಸ ಪಾಠ ಹೆಚ್ಚೇನೂ ಬೇಡ. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ, ನುಡಿಯಲ್ಲಿ ನೀವು ಬಳಸುವುದೇ, ಲಿನಕ್ಸ್ ಒಳಗೇ ‘ಕಗಪ’ ಎಂಬ ಹೆಸರಿನಲ್ಲಿದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸೇರಿಸುವಾಗ ಕನ್ನಡದ ಕಗಪ, ಫೊನೆಟಿಕ್ ಆರಿಸಿ. ನೋಟೊ, ಗುಬ್ಬಿ, ನವಿಲು ಫಾಂಟುಗಳು ಉಚಿತವಾಗಿ ಸಿಗುತ್ತವೆ.

ತೊಡಕು ಇರುವುದು ಹಳೇ ಕಡತಗಳಲ್ಲಿ. ನುಡಿಯ ಹಳೇ ಫಾಂಟುಗಳು ಯುನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆಮೇಲೆ ಗೆರೆ-ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿಲ್ಲ: ಹಳೇ ಯಂತ್ರದಿಂದ ನುಡಿಯ ಫಾಂಟ್ ಕಡತಗಳನ್ನು ತಂದು ಲಿನಕ್ಸಿನಲ್ಲಿ ಹಾಕಿದರೆ ಲಿಬ್ರೆಆಫೀಸಿನಲ್ಲಿ ಕನ್ನಡ ಮರಳುತ್ತದೆ. ಮೇಲ್, ಸರ್ಕಾರಿ ಜಾಲತಾಣ, ಮೊಬೈಲಿಗೆ ಕಳಿಸುವ ಬರಹವನ್ನು ಮಾತ್ರ ನುಡಿ ಅಥವಾ ‘ಬರಹ’ ತಂತ್ರಾಂಶದ ಪರಿವರ್ತಕದಿಂದ ಯುನಿಕೋಡಿಗೆ ತಿರುಗಿಸಿ, ಒಮ್ಮೆ ಓದಿ. ಅರ್ಕಾವತ್ತು ಮತ್ತು ಒತ್ತಕ್ಷರಗಳು ಜಾಗ ತಪ್ಪಿರುವುದು ಸಾಮಾನ್ಯ.

ಪ್ರಿಂಟರ್, ಟ್ಯಾಲಿ, ಡಿಜಿಟಲ್ ಸಹಿ ಇವೆಲ್ಲ?

ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಲಿನಕ್ಸಿನಲ್ಲಿ ಎಚ್‌ಪಿಲಿಪ್ ತಂತ್ರಾಂಶ ಮತ್ತು ಅದರ ಪ್ಲಗಿನ್ ಎರಡೂ ಬೇಕು. ಪ್ಲಗಿನ್ ಬಿಟ್ಟರೆ ಪ್ರಿಂಟರ್ ಪಟ್ಟಿಯಲ್ಲಿ ಕಂಡರೂ ಹಾಳೆ ಹೊರಗೆ ಬರುವುದಿಲ್ಲ. ಕ್ಯಾನನ್ ಎಲ್‌ಬಿಪಿ 2900 ಹೊಂದಿಸುವುದು ತ್ರಾಸಿನ ಕೆಲಸ, ಅದೊಂದೇ ಪ್ರಿಂಟರ್ ಇದ್ದವರು ವಿಂಡೋಸ್ ಉಳಿಸಿಕೊಳ್ಳುವುದು ಲೇಸು. ಟ್ಯಾಲಿ ವಿಂಡೋಸಿನದು. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರಗಳನ್ನೂ ವಿಂಡೋಸ್ ಮೇಲೆ ಬಳಸುವುದೇ ಸುರಳೀತ. ಎರಡೂ ಬೇಕಾದವರು ಒಂದೇ ಯಂತ್ರದಲ್ಲಿ ಅಕ್ಕಪಕ್ಕ ಹಾಕಿಸಬಹುದು: ಮೊದಲು ವಿಂಡೋಸ್, ಆಮೇಲೆ ಲಿನಕ್ಸ್, ಇದೇ ಕ್ರಮ.

## ಇನ್ನೂ ಆಳಕ್ಕೆ ಹೋಗುವವರಿಗೆ

ವಿಂಡೋಸ್ 11 ಹೆಂಗರ ಮಾಡಿ ಹಾಕಬಹುದು ಅಂತಾರ?

ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಭಾಗ ಮತ್ತು ಇಂಟೆಲ್‌ನ 8ನೇ ತಲೆಮಾರು ಅಥವಾ ಮುಂದಿನದು. ಈ ತಪಾಸಣೆ ದಾಟಿಸಿ ಹಾಕುವ ಉಪಾಯಗಳಿವೆ. ಆದರೆ 24ಎಚ್2 ಆವೃತ್ತಿಯಿಂದ ಪ್ರೊಸೆಸರಿನಲ್ಲಿ ‘ಪಾಪ್‌ಕೌಂಟ್’ ಎಂಬ ಆಜ್ಞೆ ಇರಲೇಬೇಕು. ಕೋರ್ 2 ಡ್ಯುಯೋದಲ್ಲಿ ಅದು ಇಲ್ಲ, ಯಾವ ಉಪಾಯದಿಂದಲೂ ಏಳುವುದಿಲ್ಲ. ಮೊದಲ ತಲೆಮಾರುಗಳ ಐ3, ಐ5ರಲ್ಲಿ ಎದ್ದರೂ ಮುಂದಿನ ಅಪ್‌ಡೇಟ್ ಬರುತ್ತದೆಂಬ ಖಾತ್ರಿ ಇಲ್ಲ. ಅಂಗಡಿ ನಡೆಸುವ ಯಂತ್ರದ ಮೇಲೆ ಈ ಪ್ರಯೋಗ ಬೇಡ.

ರ‍್ಯಾಮ್ ಹೆಚ್ಚಿಗಿ ಕೂಡೂದೇ ಇಲ್ಲ. ಇದ್ದದ್ದರಾಗ ಏನರ ಮಾಡಬಹುದಾ?

ಲಿನಕ್ಸಿನಲ್ಲಿ ಝಡ್‌ರ‍್ಯಾಮ್ ಇದೆ. ಮೆಮೊರಿಯಲ್ಲಿ ಬಳಕೆಯಲ್ಲಿಲ್ಲದ ತುಣುಕುಗಳನ್ನು ಡಿಸ್ಕಿಗೆ ಕಳಿಸದೆ ರ‍್ಯಾಮಿನಲ್ಲೇ ಕುಗ್ಗಿಸಿ ಇಡುತ್ತದೆ. ಡಿಸ್ಕಿಗೆ ಹೋಗಿ ಬರುವ ಕಾಲ ಉಳಿಯುತ್ತದೆ. ಸಾಮಾನ್ಯವಾಗಿ ಎರಡು-ಮೂರು ಪಟ್ಟು ಕುಗ್ಗುತ್ತದೆ. ಒಟ್ಟು ರ‍್ಯಾಮಿನ ಅರ್ಧದಷ್ಟು ಅಳತೆ ಕೊಡುವುದು ವಾಡಿಕೆ. ಕುಗ್ಗಿಸುವ ಕೆಲಸ ಪ್ರೊಸೆಸರಿನದು, ಎರಡು ಕೋರ್ ಇದ್ದರೆ ಗೊತ್ತೇ ಆಗುವುದಿಲ್ಲ.

ವಿಂಡೋಸಿನಲ್ಲಿ ಪೇಜ್ ಫೈಲನ್ನು (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಕಡತ) ಬಂದ್ ಮಾಡಬೇಡಿ. ರ‍್ಯಾಮ್ ಕಡಿಮೆ ಇರುವಲ್ಲಿ ಬಂದ್ ಮಾಡಿದರೆ ಪ್ರೋಗ್ರಾಂಗಳು ಹೇಳದೆ ಕೇಳದೆ ಮುಚ್ಚಿಹೋಗುತ್ತವೆ.

ಹಾರ್ಡ್ ಡಿಸ್ಕ್ ಇನ್ನ ಎಷ್ಟ ದಿನ ಬಾಳತೈತಿ ಅಂತ ತಿಳಿಯೂದು ಹೆಂಗ?

ದಿನ ಲೆಕ್ಕ ಹೇಳಲು ಬರುವುದಿಲ್ಲ, ಆದರೆ ಡಿಸ್ಕ್ ತನ್ನ ಕಾಯಿಲೆಯ ದಾಖಲೆ ತಾನೇ ಬರೆದಿಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಪ್ರೋಗ್ರಾಂ ತೆರೆದು ಮೂರು ಸಾಲು ನೋಡಿ. 05, ಕೆಟ್ಟ ಜಾಗದ ಬದಲಿಗೆ ಮೀಸಲು ಜಾಗ ಕೊಟ್ಟ ಲೆಕ್ಕ. ಸಿ5, ಓದಲು ಆಗದೆ ತೀರ್ಮಾನಕ್ಕೆ ಕಾದಿರುವ ಜಾಗಗಳು. ಸಿ7, ಕೇಬಲ್ ದಾರಿಯಲ್ಲಿ ಆದ ತಪ್ಪು. ಕಚ್ಚಾ ಸಂಖ್ಯೆಗಳು ಹದಿನಾರರ ಲೆಕ್ಕದಲ್ಲಿ ಇರುತ್ತವೆ, ಬೇಕಾದರೆ ಹತ್ತರ ಲೆಕ್ಕಕ್ಕೆ ಬದಲಿಸುವ ಆಯ್ಕೆ ಇದೆ.

ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕ್ ಚಲೋ ಇರಬಹುದು, ಕೇಬಲ್ ಬದಲಿಸಿ. ಹಳೇ ಸಂಖ್ಯೆ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು. 05ರಲ್ಲಿ ಸಣ್ಣ ಸಂಖ್ಯೆ ಇದ್ದು ತಿಂಗಳುಗಟ್ಟಲೆ ಹಾಗೇ ನಿಂತಿದ್ದರೆ ಮುಖ್ಯವಲ್ಲದ ಕಡತಗಳಿಗೆ ಬಳಸಬಹುದು. ಸಿ5 ಸೊನ್ನೆಗಿಂತ ಹೆಚ್ಚಿದ್ದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ದಿನವೇ ನಕಲು ತೆಗೆಯಿರಿ. ಆಗ ಚೆಕ್‌ಡಿಸ್ಕ್ ಓಡಿಸಬೇಡಿ, ಡಿಫ್ರ್ಯಾಗ್ ಮಾಡಬೇಡಿ. ಎರಡೂ ಸಾಯುವ ಡಿಸ್ಕನ್ನು ಮೂಲೆಮೂಲೆಗೂ ಓಡಿಸುತ್ತವೆ. ಮಕ್ಕಳ ಫೋಟೊ, ಜಮೀನಿನ ಕಾಗದದಂಥ ಮತ್ತೆ ಸಿಗದ ಕಡತ ಮೊದಲು. ಹಾಡು, ಸಿನಿಮಾ ಕೊನೆಗೆ. ನಡುವೆ ಡಿಸ್ಕ್ ಟಕ್ ಟಕ್ ಅಂತ ತಾಳ ಹಾಕತೊಡಗಿದರೆ ತಕ್ಷಣ ಬಂದ್ ಮಾಡಿ: ಓದುವ ಮುಳ್ಳೇ ಕೆಟ್ಟಿರಬಹುದು, ಮತ್ತೆ ಮತ್ತೆ ಹಚ್ಚಿದಷ್ಟೂ ತಟ್ಟೆಯ ಮೇಲ್ಮೈ ಗೀರಬಹುದು.